ಹಳೆಯ ಮರದ ಬೋಟಿಗೆ ಹೊಸ ವೈರಿಂಗ್: 6 ವೋಲ್ಟ್ ಹಾಗೇ ಇರಲಿ, 12 ವೋಲ್ಟ್ ಬೇರೆ ಇರಲಿ

ಬೋಟು 1948ರ 17 ಅಡಿಯ ಕ್ರಿಸ್-ಕ್ರಾಫ್ಟ್ ಡೀಲಕ್ಸ್ ರನ್‌ಅಬೌಟ್, ಅಂದರೆ ಸಣ್ಣ ತೆರೆದ ಮೋಟಾರು ಬೋಟು. ಮಹಾಗನಿ ಹಲಗೆ, 95 ಎಚ್‌ಪಿಯ ಆರು ಸಿಲಿಂಡರ್ ಕೆ ಎಂಜಿನ್, 6 ವೋಲ್ಟ್ ಬ್ಯಾಟರಿ. ಮರದ ಕೆಲಸ, ವಾರ್ನಿಷ್ ಎಲ್ಲ ಮುಗಿದ ಮೇಲೆ ಇದಕ್ಕೆ ಮೂರು ಸಾಮಾನು ಸೇರಿಸಬೇಕಿತ್ತು: ತಳದಲ್ಲಿ ಸೇರುವ ನೀರು ಎತ್ತಲು ಬಿಲ್ಜ್ ಪಂಪ್, ಪೆಟ್ರೋಲ್ ಆವಿ ಹೊರಹಾಕಲು ಬ್ಲೋವರ್, ಫೋನ್ ಚಾರ್ಜರ್.

ಇಡೀ ಬೋಟನ್ನೇ 12 ವೋಲ್ಟ್‌ಗೆ ಬದಲಾಯಿಸುವವರು ಬಹಳ ಜನ ಇದ್ದಾರೆ. ನಾನು ಬದಲಾಯಿಸಲಿಲ್ಲ. 6 ವೋಲ್ಟ್ ಸ್ಟಾರ್ಟರ್‌ಗೆ 12 ಕೊಟ್ಟರೆ ಅದರ ಹಲ್ಲು ಫ್ಲೈವ್ಹೀಲ್‌ಗೆ ಬಡಿಯುವ ರಭಸ ಹೆಚ್ಚುತ್ತದೆ. ಕಾಯಿಲ್, ಜನರೇಟರ್, ರೆಗ್ಯುಲೇಟರ್, ಮೀಟರು, ಬಲ್ಬು ಎಲ್ಲ ಬದಲಾಗಬೇಕು. ಹಾಗಂತ ಹೊಸ ಸಾಮಾನನ್ನು 6 ವೋಲ್ಟ್‌ನಲ್ಲೇ ಓಡಿಸೋಣ ಎಂದರೆ ಲೆಕ್ಕ ಒಗ್ಗುವುದಿಲ್ಲ. 12 ವೋಲ್ಟ್‌ನಲ್ಲಿ 4 ಆಂಪಿಯರ್ ಎಳೆಯುವ ಬ್ಲೋವರ್, ಹೋಗಿಬರುವ ವೈರು ಸೇರಿ 24 ಅಡಿ. ಶೇ. 3ಕ್ಕಿಂತ ಹೆಚ್ಚು ವೋಲ್ಟೇಜ್ ಇಳಿಯಬಾರದು ಎಂದರೆ 14 ಗೇಜ್ ವೈರು ಸಾಕು (ಗೇಜ್ ಸಂಖ್ಯೆ ಇಳಿದಷ್ಟೂ ವೈರು ದಪ್ಪ). ಅಷ್ಟೇ ವ್ಯಾಟ್ 6 ವೋಲ್ಟ್‌ನಲ್ಲಿ ಬೇಕೆಂದರೆ ಆಂಪಿಯರ್ 8 ಆಗುತ್ತದೆ, ಇಳಿಯಬಹುದಾದ ವೋಲ್ಟ್ 0.36ರ ಬದಲು 0.18. ತಾಮ್ರ ನಾಲ್ಕು ಪಟ್ಟು ಬೇಕು, ಅಂದರೆ 8 ಗೇಜ್. ಕಿರುಬೆರಳಿನಷ್ಟು ದಪ್ಪದ ಕೇಬಲನ್ನು ಪಕ್ಕೆಲುಬುಗಳ ಮಧ್ಯೆ ತೂರಿಸುವುದಕ್ಕಿಂತ, ಹಿಂದಿನ ಸೀಟಿನ ಕೆಳಗೆ 35 ಆಂಪಿಯರ್-ಅವರ್‌ನ ಪ್ರತ್ಯೇಕ 12 ವೋಲ್ಟ್ ಎಜಿಎಂ (ಆಸಿಡ್ ಚೆಲ್ಲದ, ಮುಚ್ಚಿದ) ಬ್ಯಾಟರಿ ಇಡುವುದು ಲೇಸು. ಅದನ್ನು ದಡದಲ್ಲೇ ಚಾರ್ಜ್ ಮಾಡುತ್ತೇನೆ.

ಎರಡು ಬ್ಯಾಟರಿಗಳ ಮಧ್ಯೆ ಒಂದೇ ಒಂದು ವೈರೂ ಇಲ್ಲ. ಆ ಕಾಲದ 6 ವೋಲ್ಟ್ ಎಂಜಿನ್‌ಗಳಲ್ಲಿ ಪಾಸಿಟಿವ್ ಗ್ರೌಂಡ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿಯೇ ಎಂಜಿನ್ ಬ್ಲಾಕ್‌ಗೆ ಸೇರಿರುವುದು, ಅಪರೂಪವಲ್ಲ. ಮಲ್ಟಿಮೀಟರ್ ಹಿಡಿದು ನೋಡದೆ ಯಾವುದನ್ನೂ ನಂಬಬಾರದು. ಹೊಸ ಸರ್ಕ್ಯೂಟ್‌ನ ನೆಗೆಟಿವ್‌ಗೆ ಎಂಜಿನ್ ಬ್ಲಾಕ್ ಬಳಸಲೇ ಇಲ್ಲ. ಪ್ರತಿ ಸಾಮಾನಿಗೂ ಕೆಂಪು-ಹಳದಿ ಜೋಡಿ ವೈರು ಬ್ಯಾಟರಿ ಕಡೆಯಿಂದಲೇ ಹೋಗುತ್ತದೆ. ಹಳದಿ ನೆಗೆಟಿವ್. ಕಪ್ಪನ್ನು ಅಮೆರಿಕದಲ್ಲಿ ಮನೆ ವೈರಿಂಗ್ ಮಾಡುವವರು ಫೇಸ್ ಎಂದುಕೊಳ್ಳುವ ಅಪಾಯ ಇರುವುದರಿಂದ ಹಳದಿ. ಚಾರ್ಜರ್‌ಗೆ ತಿರುಗಾಮುರುಗಾ ಕೊಟ್ಟರೆ ಅದು ಅಲ್ಲೇ ಸುಟ್ಟುಹೋಗುತ್ತದೆ. ಪಂಪ್ ಮೋಸ ಮಾಡುವುದು ಇನ್ನೊಂದು ಬಗೆ: ಹಿಮ್ಮುಖವಾಗಿ ತಿರುಗುತ್ತದೆ, ಸದ್ದು ಸರಿಯಾಗಿಯೇ ಕೇಳಿಸುತ್ತದೆ, ನೀರು ಮಾತ್ರ ಸರಿಯಾಗಿ ಏರುವುದಿಲ್ಲ.

ಈ ಕೆಲಸದಲ್ಲಿ ನಿಜವಾದ ಭಯ ಪೆಟ್ರೋಲ್ ಆವಿಯದು. ಅದು ಗಾಳಿಗಿಂತ ಭಾರ, ತಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ರನ್‌ಅಬೌಟ್‌ನಲ್ಲಿ ತಳ ಮುಂದಿನಿಂದ ಹಿಂದಿನವರೆಗೂ ತೆರೆದೇ ಇರುವುದರಿಂದ ಡ್ಯಾಶ್‌ಬೋರ್ಡ್ ಹಿಂಭಾಗವನ್ನೂ ಎಂಜಿನ್ ಕೋಣೆ ಎಂದೇ ಎಣಿಸಿದೆ. ಸ್ವಿಚ್, ಫ್ಯೂಸ್ ಬ್ಲಾಕ್, ಬ್ಲೋವರ್ ಎಲ್ಲದರ ಮೇಲೂ ಇಗ್ನಿಷನ್ ಪ್ರೊಟೆಕ್ಟೆಡ್ ಎಂದಿರಬೇಕು, ಮಾನಕ ಎಸ್‌ಎಇ ಜೆ1171. ಕಾರಿನ ಅಂಗಡಿಯ ಸ್ವಿಚ್ ನೋಡಲು ಹಾಗೇ ಇರುತ್ತದೆ, ಆದರೆ ಒಳಗಿನ ಕಿಡಿ ಹೊರಗಿನ ಆವಿಗೆ ತಗಲದಂತೆ ಅದನ್ನು ಮಾಡಿರುವುದಿಲ್ಲ. ಬ್ಲೋವರ್ ಮೋಟಾರನ್ನು ಎತ್ತರದಲ್ಲಿಟ್ಟು, ಹೀರುವ ಕೊಳವೆಯ ಬಾಯನ್ನು ಎಂಜಿನ್ ಕೋಣೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಇಳಿಸಿದೆ. ಸಾಮಾನ್ಯವಾಗಿ ನಿಲ್ಲುವ ನೀರಿಗಿಂತ ಮಾತ್ರ ಮೇಲಿರಬೇಕು. ಸ್ಟಾರ್ಟ್ ಮಾಡುವ ಮುಂಚೆ 4 ನಿಮಿಷ ಓಡಿಸಿ, ಎಂಜಿನ್ ಮುಚ್ಚಳ ತೆಗೆದು ಮೂಸಿ ನೋಡಬೇಕು.

ಅಮೆರಿಕದ ಬೋಟ್ ಮಾನಕ ಎಬಿವೈಸಿ ಇ-11ರ ಪ್ರಕಾರ ಮುಖ್ಯ ಫ್ಯೂಸ್ ಬ್ಯಾಟರಿಯಿಂದ 7 ಇಂಚಿನ ಒಳಗಿರಬೇಕು. ನೇರ ಬ್ಯಾಟರಿಗೇ ಜೋಡಿಸಿದ, ಹೊದಿಕೆಯೊಳಗೆ ಸಾಗುವ ವೈರಿಗೆ 72 ಇಂಚಿನವರೆಗೆ ಸಡಿಲಿಕೆ ಇದೆ; ನಾನು ಅದನ್ನು ಬಳಸಲಿಲ್ಲ. ಫ್ಯೂಸ್‌ಗೂ ಬ್ಯಾಟರಿಗೂ ನಡುವಿನ ತುಂಡು ಉಜ್ಜಿ ಶಾರ್ಟ್ ಆದರೆ ತಡೆಯುವವರು ಯಾರೂ ಇಲ್ಲ. ಪಂಪ್‌ನ ಫ್ಯೂಸ್ ಅದರ ಲೇಬಲ್‌ನಲ್ಲಿ ಬರೆದಷ್ಟೇ ಇರಲಿ. ಕಸ ಸಿಕ್ಕಿ ರೆಕ್ಕೆ ನಿಂತಾಗ ದೊಡ್ಡ ಫ್ಯೂಸ್ ಉರಿಯುವುದಿಲ್ಲ, ಪಂಪ್ ಬೇಯುತ್ತದೆ.

ಹಳೆ ವೈರನ್ನು ಬಿಚ್ಚಿದಾಗ ಒಂದು ತುದಿಯ ಬಟ್ಟೆ ಹೊದಿಕೆ ಸುಲಿದೆ. ತಾಮ್ರ ಕಪ್ಪಗಾಗಿತ್ತು. ಒಂದು ಗೇಣು ಸುಲಿದರೂ ಕಪ್ಪೇ, ಎರಡನೇ ಗೇಣಿನಲ್ಲಿ ಹಸಿರು ಪುಡಿ. ದೀಪದ ಬತ್ತಿಯಂತೆ ಎಳೆಗಳು ನೀರನ್ನು ಒಳಕ್ಕೆ ಹೀರಿಕೊಂಡಿದ್ದವು. ಅದಕ್ಕೇ ತವರ ಲೇಪಿಸಿದ ಎಳೆಗಳ ಬೋಟ್ ಕೇಬಲ್ಲೇ ಬೇಕು. ಕೂಡಿಕೆಗಳನ್ನು ರ್ಯಾಚೆಟ್ ಕ್ರಿಂಪರ್‌ನಿಂದ ಒತ್ತಿ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ (ಕಾಯಿಸಿದರೆ ಕುಗ್ಗುವ ಕೊಳವೆ) ಹಾಕಿ, ಹೀಟ್ ಗನ್‌ನಲ್ಲಿ ಕಾಯಿಸಿದೆ. ಎರಡೂ ಬಾಯಿಗಳಲ್ಲಿ ಅಂಟಿನ ಸಣ್ಣ ಉಂಗುರ ಉಕ್ಕಿದರೆ ನೀರು ಬಿಗಿಯಾಯಿತು ಎಂದರ್ಥ. 14 ಗೇಜ್‌ನ ಕ್ರಿಂಪ್ 30 ಪೌಂಡ್ ಎಳೆತವನ್ನು ಒಂದು ನಿಮಿಷ ತಡೆಯಬೇಕು. ಮಾದರಿ ಒಂದನ್ನು ಮಾಡಿ ತೂಕ ನೇತುಹಾಕಿ ನೋಡಿದೆ. ಬೆಸುಗೆಯನ್ನೇ ನಂಬಿ ಕೂಡಿಸಬಾರದು: ಬೆಸುಗೆ ಮುಗಿಯುವ ಅಂಚಿನಲ್ಲಿ ವೈರು ಗಡುಸಾಗಿ, ಎಂಜಿನ್ ನಡುಕಕ್ಕೆ ಅಲ್ಲೇ ಮುರಿಯುತ್ತದೆ. ಪ್ರತಿ 18 ಇಂಚಿಗೆ ಒಂದು ಕ್ಲಿಪ್, ಕಂಚಿನ ಸ್ಕ್ರೂ. ಕಬ್ಬಿಣದ್ದಾದರೆ ಮರದ ಟ್ಯಾನಿನ್ ಜೊತೆ ಸೇರಿ ಸುತ್ತ ಕಪ್ಪು ಕಲೆ ಹಬ್ಬುತ್ತದೆ.

ತಳದ ಲೋಹಗಳನ್ನೆಲ್ಲ ಹಸಿರು ವೈರಿನಿಂದ ಒಂದಕ್ಕೊಂದು ಕಟ್ಟುವ ಪದ್ಧತಿ ಫೈಬರ್‌ಗ್ಲಾಸ್ ಬೋಟಿಗೆ ಸರಿ. ಮರದ ಬೋಟಿನಲ್ಲಿ, ಆ ಲೋಹಗಳು ಸವೆಯದಂತೆ ಅವುಗಳಿಗೆ ಜೋಡಿಸುವ ಸತುವಿನ ತುಂಡು ಹೆಚ್ಚಾದರೆ ಕಂಚಿನ ಫಿಟ್ಟಿಂಗ್ ಸುತ್ತ ಕ್ಷಾರ ಹುಟ್ಟಿ ಮರ ನಾರುನಾರಾಗುತ್ತದೆ, ಬಿಳಿ ಪುಡಿ ಕಾಣುತ್ತದೆ. ಹಾಗಾಗಿ ಹೊಸ ಸರ್ಕ್ಯೂಟ್‌ನ ಯಾವ ತುದಿಯನ್ನೂ ಆ ಲೋಹಗಳಿಗೆ ಮುಟ್ಟಿಸಲಿಲ್ಲ.

ಚಳಿಗಾಲ ಪೂರ್ತಿ ಒಣಗಿದ ಹಲಗೆ ನೀರಿಗಿಳಿದ ಮೊದಲ ದಿನಗಳಲ್ಲಿ ಊದಿ ಬಿಗಿಯಾಗುವವರೆಗೆ ಸೋರುತ್ತಲೇ ಇರುತ್ತದೆ. ಆದ್ದರಿಂದ ಪಂಪ್ ಮತ್ತು ಫ್ಲೋಟ್ ಸ್ವಿಚ್ (ನೀರು ಏರಿದಾಗ ತೇಲಿ ಪಂಪನ್ನು ತಾನೇ ಓಡಿಸುವ ಸ್ವಿಚ್) ಮಾಸ್ಟರ್ ಸ್ವಿಚ್‌ಗಿಂತ ಮುಂಚೆಯೇ ಫ್ಯೂಸ್ ಮೂಲಕ ಬ್ಯಾಟರಿಗೆ ಸೇರುತ್ತವೆ. ಎಲ್ಲ ಆರಿಸಿ ಮನೆಗೆ ಹೋದರೂ ಪಂಪ್ ಎದ್ದೇ ಇರುತ್ತದೆ. ಆ ದಿನಗಳಲ್ಲಿ ದಡದ ಚಾರ್ಜರನ್ನು ತೆಗೆಯುವುದಿಲ್ಲ. ಆಮೇಲೆ ಫ್ಲೋಟ್ ಕೆಳಗಿರುವಾಗ ಪಂಪ್‌ನ ಫ್ಯೂಸ್ ತೆಗೆದು ಅಲ್ಲಿ ಮಲ್ಟಿಮೀಟರ್ ಇಡುತ್ತೇನೆ. ಸೊನ್ನೆ ಬರಬೇಕು. ಕೆಲವು ಮಿಲಿಆಂಪಿಯರ್ ತೋರಿಸಿದರೆ ಮೊದಲು ಬಿಚ್ಚುವುದು ಫ್ಲೋಟ್ ಸ್ವಿಚ್‌ನ ಕೂಡಿಕೆ.