ಮಂಡಕ್ಕಿ ಕೊಡುವ ಮುಂಚೆ ಸ್ವಲ್ಪ ನಿಲ್ಲಿ

ದಾವಣಗೆರೆಯಲ್ಲಿ ಬುದ್ಧಿಮಾಂದ್ಯತೆ ಇರುವ ದೊಡ್ಡವರ ವಸತಿ ಮನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನನ್ನ ಮೊದಲ ಮಾತು ಊಟದ್ದೇ.

ನಮ್ಮೂರಲ್ಲಿ ಸಂಜೆಯಾದರೆ ಮಂಡಕ್ಕಿ, ಮಿರ್ಚಿ ಬೇಕೇ ಬೇಕು ಅಲ್ವಾ? ಆದರೆ ಸೆರೆಬ್ರಲ್ ಪಾಲ್ಸಿ (ಮೆದುಳಿಗಾದ ಹಾನಿಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಇರುವ ಎಷ್ಟೋ ಜನರಿಗೆ ಅಗಿಯುವುದು, ನುಂಗುವುದು ಕಷ್ಟ. ಒಣ ಮಂಡಕ್ಕಿ, ಶೇಂಗಾ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಯಾರಿಗೆ ಎಷ್ಟು ಮೆತ್ತಗಿರಬೇಕು ಅಂತ ಡಾಕ್ಟರನ್ನೋ ಮಾತು, ನುಂಗುವ ತೊಂದರೆ ನೋಡುವ ಸ್ಪೀಚ್ ಥೆರಪಿಸ್ಟನ್ನೋ ಕೇಳಿ, ಅಡುಗೆಮನೆ ಗೋಡೆಗೆ ಬರೆದು ಅಂಟಿಸಿ. ಬೆನ್ನು ನೆಟ್ಟಗೆ ಕೂರಿಸಿ. ಒಂದು ತುತ್ತು ನುಂಗಿದ ಮೇಲೆಯೇ ಇನ್ನೊಂದು. ಊಟವಾದ ತಕ್ಷಣ ಮಲಗಿಸಬೇಡಿ, ಅರ್ಧ ಗಂಟೆಯಾದರೂ ಕೂತಿರಲಿ. ಶಿಫ್ಟ್ ಮುಗಿಯುವ ಹೊತ್ತಲ್ಲಿ ಅವಸರ ಜಾಸ್ತಿ, ಎಡವಟ್ಟು ಆಗುವುದೂ ಆಗಲೇ.

ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ಎಲ್ಲ ಸುಮ್ನೆ. ಬಾಯಿಗೆ ಏನೂ ಹಾಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ತಲೆಯ ಕೆಳಗೆ ಬಟ್ಟೆ ಇಡಿ, ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಮೊದಲ ಸಲ ಗಾಬರಿಯಲ್ಲಿ ನಾನು ಹೊತ್ತು ನೋಡಲು ಮರೆತಿದ್ದೆ. ಡಾಕ್ಟರ್ ಮೊದಲು ಕೇಳಿದ್ದೇ ಅದನ್ನು!

ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ವಿಮೆ ಕಾರ್ಡ್ ಇದೆಯಾ ಅಂತ ಮನೆಯವರನ್ನು ಕೇಳಿಡಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ಅದರಲ್ಲಿ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ.

ಇನ್ನೊಂದು. ನಲವತ್ತು ದಾಟಿದವರನ್ನು ಪಾಪು, ಪುಟ್ಟ ಅಂತ ಕರೆಯಬೇಡಿ. ಯಾವ ಅಂಗಿ ಹಾಕಲಿ ಅಂತ ಅವರನ್ನೇ ಕೇಳಿ. ನಮ್ಮಲ್ಲೊಬ್ಬರು ದಿನಾ ಹಳದಿಯನ್ನೇ ತೋರಿಸುತ್ತಾರೆ. ಹಾಗಾಗಿ ಹಳದಿಯದ್ದೇ ನಾಲ್ಕು ತಂದಿಟ್ಟಿದ್ದೇವೆ.