ನಾರಿನ ಪೊದೆ ಎರಡು ಮಳೆಗಾಲ ದಾಟಿತು

"ತೆಂಗಿನ ನಾರಾ? ಮಳೆಗಾಲದ ಆಟಿ ತಿಂಗಳು ಬರುವಾಗ ಬೂಸಲು ಹಿಡಿದು ಬಿಸಾಡಬೇಕು" ಅಂದಿದ್ದರು ಮಾಡೆಲ್ ಮಾಡುವ ಗೆಳೆಯರು, ಪುಟಾಣಿ ಕೋಟೆಯ ಮಾಡೆಲಿಗೆ ನಾರಿನಲ್ಲೇ ಪೊದೆ ಮಾಡುತ್ತೇನೆ ಅಂದಾಗ. ಎರಡು ಮಳೆಗಾಲ ಕಳೆದಿದೆ. ಕಾಸರಗೋಡಿನ ಬೇಕಲ ಕೋಟೆಯ ಬುರುಜಿನ ಮಾಡೆಲ್ ಕೂರಿಸಿದ ಬೇಸ್ (ಪೀಠ) ನಮ್ಮ ಚಾವಡಿಯಲ್ಲಿ ತೆರೆದೇ ಇದೆ, ಗಾಜು ಕೂಡ ಇಲ್ಲ. ಒಂದು ಪೊದೆಯೂ ಕೆಟ್ಟಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಸ್ಕೇಲ್ 1:72, ಅಂದರೆ ನಿಜದ ಅಳತೆಯ ಎಪ್ಪತ್ತೆರಡನೇ ಒಂದು ಪಾಲು. ಆಳೆತ್ತರದ ಪೊದೆ ಅಂದರೆ ಎರಡು ಸೆಂಟಿಮೀಟರ್ ಚಿಲ್ಲರೆ. ಮೊದಲು ಹೊರದೇಶದ ರೆಡಿಮೇಡ್ ಪೊದೆಯ ಪ್ಯಾಕೆಟ್ ತರಿಸುತ್ತಿದ್ದೆ. ಒಂದಕ್ಕೆ ಸಾವಿರದ ಹತ್ತಿರ, ಒಂದು ಬೇಸಿಗೆ ಮೂರು ಬೇಕು. ಅಷ್ಟು ಕೊಟ್ಟರೂ ಆ ಹಸಿರು ನಮ್ಮ ಕೆಂಪು ಮುರಕಲ್ಲಿನ ಪಕ್ಕ ಒಪ್ಪುವುದಿಲ್ಲ.

ನಾರಿನ ಮೊದಲ ಪ್ರಯತ್ನ ಪೂರಾ ಹಾಳಾಯಿತು. ಸಿಪ್ಪೆಯಿಂದ ಎಳೆದು ಹಾಗೇ ಅಂಟಿಸಿದ್ದೆ. ಫೆವಿಕಾಲ್ ನೀರು ತಾಗಿದ ಕೂಡಲೇ ಕಂದು ಬಣ್ಣ ಬಿಟ್ಟು ಗೋಡೆಯೆಲ್ಲ ಕಲೆ. ಜುಲೈಯಲ್ಲಿ ಬಿಳಿ ಬೂಸಲು. ಕೊಂಡವರಿಂದ ಹತ್ತೋ ಹನ್ನೆರಡೋ ಬೇಸ್ ವಾಪಸ್ ಬಂದವು, ನಾಲ್ಕು ಸಾವಿರ ಕೈಬಿಟ್ಟಿತು. ಅದಕ್ಕಿಂತ ಜಾಸ್ತಿ ಬೇಜಾರಾದದ್ದು ಮೂರು ತಿಂಗಳ ಕೆಲಸಕ್ಕೆ.

ತಪ್ಪು ನಾರಿನದ್ದಲ್ಲ, ನಾರಿನ ನಡುವಿನ ಹುಡಿಯದ್ದು. ನೀರು ಹೀರಿ ಹಿಡಿದಿಡುವುದು ಅದೇ. ಈಗ ಸಿಪ್ಪೆ ಜಜ್ಜಿ, ಹಳೆ ಬಾಚಣಿಗೆಯಲ್ಲಿ ಬಾಚಿ, ಹುಡಿ ಒಂದಿಷ್ಟೂ ಉಳಿಯದ ಹಾಗೆ ಕೊಡವುತ್ತೇನೆ. ಆಮೇಲೆ ವಾಷಿಂಗ್ ಸೋಡಾ ಹಾಕಿ ಕುದಿಸುವುದು. ನೀರು ಚಹಾದ ಬಣ್ಣ ಬಿಡುವುದು ನಿಲ್ಲುವವರೆಗೆ ಬದಲಿಸಬೇಕು. ನನಗೆ ನಾಲ್ಕು ಸಲ ಬೇಕಾಯಿತು. ಕೊನೆಗೆ ಬೂಸಲು ಹಿಡಿಯದ ಹಾಗೆ ಬಿಳಿಗಾರದ (ಬೊರಾಕ್ಸ್) ನೀರಿನಲ್ಲಿ ಒಂದು ರಾತ್ರಿ, ಲೀಟರಿಗೆ ದೊಡ್ಡ ಚಮಚ ಒಂದರಷ್ಟು. ಇದಕ್ಕೆ ಅಡುಗೆಯ ಪಾತ್ರೆ ಬಳಸಲೇಬೇಡಿ. ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಒಣಗಿಸಿ ಡಬ್ಬಿಗೆ ತುಂಬಿದರೆ ವರ್ಷದ ಚಿಂತೆ ಇಲ್ಲ.

ಎಲೆಗೆ ಮಿಲ್ಲಿನ ಮರದ ಹುಡಿ, ಪುಕ್ಕಟೆ. ಹಲಸಿನದ್ದೇ ಕೇಳಿ ತನ್ನಿ. ಅದು ಮೊದಲೇ ಹಳದಿ, ಸ್ವಲ್ಪ ನೀಲಿ ಸೇರಿಸಿದರೆ ಚಿಗುರಿನ ಹಸಿರು ತಾನಾಗಿ ಬರುತ್ತದೆ. ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ಮೂರು ಹಸಿರು ಮಾಡಿಕೊಳ್ಳುತ್ತೇನೆ. ಕಡು ಹಸಿರು ಬುಡಕ್ಕೆ, ತಿಳಿ ಹಸಿರು ತುದಿಗೆ. ಮೂರನೆಯದನ್ನು ಎಲ್ಲಿ, ಯಾವಾಗ ಉದುರಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಪೊದೆಗೆ ಜೀವ ಬರುವುದು ಅಲ್ಲೇ.

ನಡುವೆ ಸೊಳ್ಳೆ ಬ್ಯಾಟ್ ಬಿಚ್ಚಿ, ಅದರ ಕರೆಂಟಿನ ಸೆಳೆತದಲ್ಲಿ ಸಣ್ಣ ಎಳೆಗಳನ್ನು ಮುಳಿಹುಲ್ಲಿನ ಹಾಗೆ ನೆಟ್ಟಗೆ ನಿಲ್ಲಿಸಲು ಹೋಗಿದ್ದೆ. ನೈಲಾನ್ ಎಳೆ ಚೆನ್ನಾಗಿ ನಿಂತಿತು. ಗೋಣಿನಾರು ಮಲಗಿಯೇ ಇತ್ತು. ಒಂದು ವಾರ ಅದರಲ್ಲೇ ಹೋಯಿತು. ಹೂ ಉದುರಿದ ಅಡಿಕೆ ಹಿಂಗಾರವನ್ನೂ ಒಣಗಿಸಿ ನೋಡಿದೆ. ಪೊದೆಗೆ ದಪ್ಪವಾಯಿತು, ಆದರೆ ಎಲೆ ಉದುರಿದ ಮರಕ್ಕೆ ಅದಕ್ಕಿಂತ ಒಳ್ಳೆಯದು ಸಿಗದು. ಅದರ ಕತೆ ಇನ್ನೊಮ್ಮೆ.

ಈಗ ಪೊದೆಯೊಂದಕ್ಕೆ ಹೆಚ್ಚೆಂದರೆ ಎರಡು ರೂಪಾಯಿ, ಅದೂ ಅಂಟು ಮತ್ತು ಬಣ್ಣಕ್ಕೆ. ಬುರುಜಿನ ಬುಡದಲ್ಲಿ ನಾಲ್ಕೈದು ಪೊದೆಗೆ ಸೂಜಿಯ ತುದಿಯಿಂದ ಹೂವಿನ ಹಾಗೆ ಕೆಂಪು ಚುಕ್ಕೆ ಇಟ್ಟಿದ್ದೇನೆ. ಮೊನ್ನೆ ಮನೆಗೆ ಬಂದ ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಇದು ಕೇಪುಳ ಅಲ್ವಾ?" ಅಂದರು.