‘ಎ’ ಹೇಳಿದ್ದೇನು, ‘ಬಿ’ ಹೇಳಿದ್ದೇನು? ಎಲ್‌ಸ್ಯಾಟ್‌ನ ಜೋಡಿ ಬರಹ ಓದುವ ಬಗೆ

ಅಮೆರಿಕ, ಕೆನಡಾಗಳ ಕಾನೂನು ಕಾಲೇಜು ಸೇರಬಯಸುವವರು ಬರೆಯುವ ಪರೀಕ್ಷೆ ಎಲ್‌ಸ್ಯಾಟ್. ಅದರ ಓದಿನ ವಿಭಾಗಕ್ಕೆ 35 ನಿಮಿಷ, ನಾಲ್ಕು ಗುಚ್ಛ. ಮೂರರಲ್ಲಿ ಒಂದೊಂದೇ ಗದ್ಯಭಾಗ. ಉಳಿದ ಒಂದರಲ್ಲಿ ‘ಎ’ ಮತ್ತು ‘ಬಿ’ ಎಂಬ ಎರಡು ಪುಟ್ಟ ಬರಹಗಳು. 2007ರ ಜೂನ್‌ನಿಂದ ಬಂದ ಪದ್ಧತಿ ಇದು. ಎರಡೂ ಸೇರಿದರೂ ಒಂದು ಗದ್ಯಭಾಗದಷ್ಟೇ ಉದ್ದ. ಆದರೂ ಚೆನ್ನಾಗಿ ಓದಬಲ್ಲವರೇ ಇಲ್ಲಿ ಎಡವುತ್ತಾರೆ. ಅರ್ಥವಾಗದೆ ಅಲ್ಲ, ಯಾರು ಏನು ಹೇಳಿದರೆಂಬ ಲೆಕ್ಕ ತಪ್ಪಿ.

ಮೊದಲು ‘ಎ’ ಒಂದನ್ನೇ ಓದಿ, ನಿಲ್ಲಿ. ಲೇಖಕರ ವಾದವನ್ನು ನಿಮ್ಮದೇ ಮಾತಿನಲ್ಲಿ ಒಂದು ಸಾಲಿಗೆ ಇಳಿಸಿ. ನಾನೇ ಕಟ್ಟಿದ ಒಂದು ಮಾದರಿ ನೋಡಿ. ‘ಎ’ ಹೀಗೆನ್ನುತ್ತದೆ: ಬಾಯಿಂದ ಬಾಯಿಗೆ ಬಂದ ಚರಿತ್ರೆಯನ್ನು ನ್ಯಾಯಾಲಯ ಸಾಕ್ಷ್ಯವೆಂದು ಒಪ್ಪುವುದು ಕಷ್ಟ, ಮೊದಲು ಹೇಳಿದವರನ್ನು ಪಾಟೀಸವಾಲಿಗೆ ಕರೆಯಲಾಗದು, ತಲೆಮಾರು ಕಳೆದಂತೆ ಕಥೆಯೂ ಬದಲಾಗುತ್ತದೆ. ಒಂದು ಸಾಲಿನಲ್ಲಿ: ‘ಬಾಯಿಮಾತಿನ ಚರಿತ್ರೆ ನಂಬಿಕೆಗೆ ಸಾಲದು’.

‘ಬಿ’ಗೆ ಹೋಗುವ ಮುನ್ನ ಪ್ರಶ್ನೆಗಳ ಮೇಲೆ ಕಣ್ಣಾಡಿಸಿ, ‘ಎ’ ಒಂದನ್ನೇ ಕುರಿತವಕ್ಕೆ ಆಗಲೇ ಉತ್ತರಿಸಿಬಿಡಿ. ‘ಎರಡೂ ಬರಹಗಳಲ್ಲಿ ಇರುವುದು ಯಾವುದು?’ ಎಂಬ ಪ್ರಶ್ನೆಯಲ್ಲಿಯೂ ‘ಎ’ಯಲ್ಲಿ ಇಲ್ಲದ ಆಯ್ಕೆಗಳನ್ನು ಹೊಡೆದುಹಾಕಬಹುದು. ಎರಡನ್ನೂ ಒಟ್ಟಿಗೆ ಓದಿ ಮುಗಿಸಬೇಕೆನ್ನುವವರೂ ಇದ್ದಾರೆ. ನನಗೆ ಅದು ಹಿಡಿಸದು. ‘ಬಿ’ ಓದಿದ ಮೇಲೆ ‘ಎ’ ತಲೆಯಲ್ಲಿ ಕಲಸಿಹೋಗುತ್ತದೆ.

ಈಗ ‘ಬಿ’. ಇದನ್ನು ಖಾಲಿ ತಲೆಯಿಂದ ಓದಬಾರದು. ‘ಎ’ಯನ್ನು ಇದು ಎಲ್ಲಿ ಮುಟ್ಟುತ್ತದೆ ಎಂದು ಹುಡುಕುತ್ತಲೇ ಓದಬೇಕು. ನಮ್ಮ ಮಾದರಿಯಲ್ಲಿ ‘ಬಿ’ 1997ರ ಡೆಲ್ಗಮೂಕ್ ಮೊಕದ್ದಮೆಯನ್ನು ವಿವರಿಸುತ್ತದೆ. ಗಿಟ್‌ಕ್ಸಾನ್, ವೆಟ್‌ಸುವೆಟೆನ್ ಮೂಲನಿವಾಸಿಗಳು ತಮ್ಮ ನೆಲದ ಹಕ್ಕಿಗಾಗಿ ಹೂಡಿದ ಮೊಕದ್ದಮೆ ಅದು. ಅವರ ಮೌಖಿಕ ಚರಿತ್ರೆಯನ್ನೂ ಲಿಖಿತ ದಾಖಲೆಯ ಸಾಲಿನಲ್ಲಿಯೇ ಇಟ್ಟು ನೋಡಬೇಕೆಂದು ಕೆನಡಾದ ಸುಪ್ರೀಂ ಕೋರ್ಟ್ ಹೇಳಿತು. ಹಾಗೆ ಮಾಡದಿದ್ದರೆ ಬರಹವಿಲ್ಲದ ಜನರ ಹಕ್ಕು ಎಂದಿಗೂ ಸಾಬೀತಾಗದು ಎನ್ನುವುದು ‘ಬಿ’ ಲೇಖಕರ ಮಾತು.

ಜೋಡಿಯ ನಂಟೇನು? ಅವಸರದವರು ‘ಬಿ, ಎಯನ್ನು ಅಲ್ಲಗಳೆಯುತ್ತದೆ’ ಎಂದು ಗುರುತು ಹಾಕುತ್ತಾರೆ. ಇನ್ನೊಮ್ಮೆ ನೋಡಿ. ಕಥೆ ಬದಲಾಗುವುದಿಲ್ಲವೆಂದು ‘ಬಿ’ ಎಲ್ಲಿಯೂ ಹೇಳಿಲ್ಲ. ತೊಡಕಿದ್ದರೂ ಜಾಗ ಕೊಡಬೇಕು ಎನ್ನುತ್ತದೆ, ಅಷ್ಟೇ; ‘ಎ’ ಎಣಿಸದೇ ಬಿಟ್ಟ ಒಂದು ಕಾರಣವನ್ನು ಮುಂದಿಡುತ್ತದೆ. ಪರೀಕ್ಷೆಯಲ್ಲಿ ಬರುವ ಜೋಡಿಗಳೂ ನೇರ ಜಗಳಕ್ಕೆ ನಿಲ್ಲುವುದು ಕಡಿಮೆ. ಒಂದು ತತ್ತ್ವ ಹೇಳಿದರೆ ಇನ್ನೊಂದು ಪ್ರಸಂಗ ಹೇಳಬಹುದು. ಒಂದೇ ಸಂಗತಿಗೆ ಎರಡು ಬೇರೆ ಕಾರಣಗಳನ್ನು ಕೊಡಬಹುದು. ತೀರ್ಮಾನ ಒಂದೇ ಆಗಿ ದಾರಿ ಬೇರೆಯಾಗಿರಲೂಬಹುದು.

ಆಯ್ಕೆಗಳಿಗೆ ಬಂದಾಗ ಜೋಡಿ ಪ್ರಶ್ನೆಗೆ ಎರಡು ಸಲ ತಪಾಸಣೆ ಬೇಕು: ‘ಎ’ಯಲ್ಲಿ ಆಧಾರದ ಸಾಲು ಎಲ್ಲಿ, ‘ಬಿ’ಯಲ್ಲಿ ಎಲ್ಲಿ? ಒಂದು ಕಡೆ ಬೆರಳಿಟ್ಟು ತೋರಿಸಲಾಗದಿದ್ದರೆ ಆ ಆಯ್ಕೆ ಬಿದ್ದಂತೆ. ‘ಬಿ ಲೇಖಕರು ಎ ವಾದಕ್ಕೆ ಏನೆನ್ನಬಹುದು?’ ಎಂಬ ಪ್ರಶ್ನೆ ಬಂದರೆ ನಿಮ್ಮ ಅಭಿಪ್ರಾಯ ಬದಿಗಿಡಿ. ‘ಎಂದಿಗೂ’, ‘ಸಂಪೂರ್ಣ’ದಂಥ ಗಟ್ಟಿ ಪದಗಳಿರುವ ಆಯ್ಕೆಯನ್ನು, ಬರಹದಲ್ಲಿಯೂ ಅಷ್ಟೇ ಗಟ್ಟಿ ಮಾತಿಲ್ಲದಿದ್ದರೆ, ಬಿಟ್ಟುಬಿಡಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಗುಚ್ಛವೊಂದಕ್ಕೆ ಎಂಟು–ಒಂಬತ್ತು ನಿಮಿಷ ದಾಟದಿರಲಿ.

ಅಭ್ಯಾಸಕ್ಕೆ, ಪರೀಕ್ಷೆ ನಡೆಸುವ ಮಂಡಳಿಯದೇ ಲಾಹಬ್ ತಾಣದಲ್ಲಿ ಉಚಿತ ಮಾದರಿ ಪರೀಕ್ಷೆಗಳಿವೆ. ಜೊತೆಗೆ ಒಂದು ನೋಟ್‌ಬುಕ್ ಇಡಿ. ತಪ್ಪಾದ ಪ್ರತಿ ಉತ್ತರದ ಮುಂದೆ ಕಾರಣ ಬರೆಯಿರಿ. ನನ್ನ ಅಕ್ಕನ ಮಗಳ ನೋಟ್‌ಬುಕ್‌ನಲ್ಲಿ ಪುಟಗಟ್ಟಲೆ ಒಂದೇ ಸಾಲು: ‘ಎ ಮಾತನ್ನು ಬಿ ಬಾಯಿಗೆ ಹಾಕಿದೆ’.